ಕರ್ನಲ್ ಸಾಹೇಬರು ಫ್ರೀಜರಿನಲ್ಲಿದ್ದ ಹನ್ನೊಂದು ದಿನ

ಆಸ್ಟ್ರೇಲಿಯಾದ ಪರ್ತ್ ನಗರದ ಪಿಯಾರಾ ವಾಟರ್ಸ್ ಬಡಾವಣೆಯ ಆ ಬೀದಿಯವರು ಹೇಳುತ್ತಿದ್ದ ಮಾತು ಒಂದೇ: "ಅಹಲ್ಯಾ ಆಂಟಿ ಮನೆ ಒಲೆ ಆರಿದ್ದು ಕಂಡವರಿಲ್ಲ." ಬೆಳಿಗ್ಗೆ ಹೋದವರಿಗೆ ಕಾಫಿ, ಮಧ್ಯಾಹ್ನ ಹೋದವರಿಗೆ ಹುಳಿ ಅನ್ನ, ಬಾಗಿಲು ತಪ್ಪಿ ಬಂದ ಕೊರಿಯರ್‌ನವನಿಗೂ ಒಂದು ತಟ್ಟೆ ಉಪ್ಪಿಟ್ಟು. ಪಕ್ಕದ ಮನೆಯ ಡುಲ್ಸಿನ್ ಮಂಗಳೂರು ಕಡೆಯವಳು, ಕುವೈತಿನಲ್ಲಿ ಹದಿನೈದು ವರ್ಷ ಇದ್ದು ಪರ್ತಿಗೆ ಬಂದವಳು. ಅವಳು ಇನ್ನೊಂದು ಮಾತು ಸೇರಿಸುತ್ತಿದ್ದಳು: "ಆ ಆಂಟಿ ಕೈ ಎತ್ತಿದರೆ ಒಗ್ಗರಣೆ, ಆ ಅಂಕಲ್ ಬಾಯಿ ಬಿಟ್ಟರೆ ಪ್ಲಾನು ಮಾರಾಯ್ರೆ!"

ಅಂಕಲ್ ಅಂದರೆ ಶ್ರೀಕಂಠಯ್ಯನವರು. ಮೈಸೂರಿನ ಎಂಜಿನಿಯರು. ಪರ್ತಿನ ಗಣಿ ಕಂಪನಿಯೊಂದಕ್ಕೆ ಇಪ್ಪತ್ತು ವರ್ಷ ಶೆಡ್ಡು, ಸೇತುವೆ ಕಟ್ಟಿಕೊಟ್ಟವರು. ಗಣಿಯ ಭರಾಟೆ ಇಳಿದ ವರ್ಷ ಕಂಪನಿ ಅವರ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಕೈ ಮುಗಿಯಿತು. ಆರು ತಿಂಗಳು ಆ ಗಡಿಯಾರ ನೋಡುತ್ತ ಕೂತಿದ್ದವರು ಏಳನೇ ತಿಂಗಳು ಎದ್ದು ನಿಂತು ಘೋಷಿಸಿದರು:

"ಅಹಲ್ಯಾ! ಇನ್ನು ಮೇಲೆ ನಾವು ಒಂದು ಮನೆಯವರಲ್ಲ. ಖಂಡದ ಎಲ್ಲ ಮನೆಯೂ ನಮ್ಮದೇ!"

"ಯಾಕ್ರೀ, ಇರೋ ಒಂದು ಮನೆ ಗುಡಿಸೋಕೇ ನನಗೆ ಸೊಂಟ ಬಿದ್ದೋಗತ್ತೆ."

ಪ್ಲಾನು ಇಷ್ಟೆ. ಆಸ್ಟ್ರೇಲಿಯಾದ ಜನ ಪ್ರವಾಸ ಹೊರಟಾಗ ಮನೆ, ನಾಯಿ, ಬೆಕ್ಕು, ಹೂಕುಂಡ ನೋಡಿಕೊಳ್ಳಲು ವೆಬ್‌ಸೈಟಿನಲ್ಲಿ ಯಾರನ್ನಾದರೂ ಹುಡುಕಿ ಕೀಲಿ ಕೊಟ್ಟು ಹೋಗುತ್ತಾರೆ. ಕಾಯುವವರಿಗೆ ಸಂಬಳವಿಲ್ಲ, ಬಾಡಿಗೆಯೂ ಇಲ್ಲ. ವಾಪಸು ಬಂದ ಮೇಲೆ ಅವರ ಬಗ್ಗೆ ನಾಲ್ಕು ಮಾತು ಬರೆದು ಒಂದರಿಂದ ಐದರವರೆಗೆ ಸ್ಟಾರ್ ಕೊಡುತ್ತಾರೆ. ಆ ಸ್ಟಾರೇ ಮುಂದಿನ ಮನೆಗೆ ಜಾತಕ. ಒಂದು ಮನೆಗೂ ಇನ್ನೊಂದಕ್ಕೂ ನಡುವಿನ ದಾರಿಗೆ, ಕಾರಿನ ಹಿಂದೆ ಗಾಲಿಯ ಮೇಲಿನ ಪುಟ್ಟ ಮನೆ, ಕಾರವಾನ್.

ಕಾರವಾನ್ ಆಗಲೇ ಇತ್ತು. ನಾಲ್ಕು ವರ್ಷದ ಹಿಂದೆ ಕೊಂಡು ತಂದು, ಪುಷ್ಪಕ ಎಂದು ಹೆಸರಿಟ್ಟು, ಟಾರ್ಪಾಲು ಹೊದಿಸಿ ಅಂಗಳದಲ್ಲಿ ನಿಲ್ಲಿಸಿದ್ದರು. ಆ ನಾಲ್ಕು ವರ್ಷದಲ್ಲಿ ಅಹಲ್ಯಮ್ಮ ಅದರೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. ಯಾಕೆ ಅಂತ ಬೀದಿಯವರಿಗೆ ಗೊತ್ತಿರಲಿಲ್ಲ. ಶ್ರೀಕಂಠಯ್ಯನವರಿಗೆ ಅರ್ಧ ಗೊತ್ತಿತ್ತು. ಉಳಿದರ್ಧ ಕೇಳುವ ಧೈರ್ಯ ಇರಲಿಲ್ಲ.

ಒಂದು ವಾರ ಯೋಚಿಸಿ ಅಹಲ್ಯಮ್ಮ ತೀರ್ಪು ಕೊಟ್ಟರು: "ಬರ್ತೀನಿ. ಆದರೆ ಒಂದೇ ಒಂದು ಮನೆಯಿಂದ ಕೆಟ್ಟ ಮಾತು ಬಂತೋ, ಅವತ್ತೇ ಈ ಡಬ್ಬ ಮಾರಬೇಕು. ವಾಪಸ್ ಪಿಯಾರಾ ವಾಟರ್ಸು. ಇನ್ನೊಂದು ಪ್ಲಾನ್ ನಿಮ್ಮ ಬಾಯಲ್ಲಿ ಬರಕೂಡದು."

"ಕೆಟ್ಟ ಮಾತಾ? ನನ್ನ ಬಗ್ಗೆಯಾ? ಇಪ್ಪತ್ತು ವರ್ಷ ಕಟ್ಟಿದ ಸೇತುವೆಗಳಲ್ಲಿ ಒಂದು ಬೋಲ್ಟ್ ಸಡಿಲ ಆಗಿಲ್ಲ ಕಣೇ! ನಾನು ಕಾದ ಮನೆಯಲ್ಲಿ ಒಂದು ಸೊಳ್ಳೆಗೂ ನೆಗಡಿ ಬರಲ್ಲ, ಬರೆದಿಟ್ಟುಕೋ!"

ಬರೆದಿಟ್ಟುಕೊಳ್ಳುವ ಅಗತ್ಯ ಬೀಳಲಿಲ್ಲ. ಅಹಲ್ಯಮ್ಮನ ನೆನಪಿನಲ್ಲಿ ಒಂದು ಸಲ ಬಿದ್ದದ್ದು ಮತ್ತೆ ಅಳಿಸುವುದಿಲ್ಲ.

ಪಿಯಾರಾ ವಾಟರ್ಸಿನ ಮನೆಯನ್ನು ಒಂದು ವರ್ಷಕ್ಕೆ ಬಾಡಿಗೆಗೆ ಕೊಟ್ಟರು. ಪರ್ತಿನಲ್ಲೇ ಎರಡು ಮನೆ ಕಾದರು, ಎರಡಕ್ಕೂ ಐದೈದು ಸ್ಟಾರ್. ಮುಂದಿನದು ಅಡಿಲೇಡಿನ ಮಾಸನ್ ಲೇಕ್ಸ್, ಅದರ ಮುಂದಿನದು ಬ್ರಿಸ್ಬೇನಿನ ಸನ್ನಿಬ್ಯಾಂಕ್. 2016ರ ಜುಲೈ, ಅಲ್ಲಿಯ ಕಡುಚಳಿಗಾಲ. ಪುಷ್ಪಕ ವಿಮಾನವು ನಲ್ಲರ್ಬೋರ್ ಬಯಲಿಗೆ ಇಳಿಯಿತು. ಮೂರು ದಿನ ಒಂದು ಮರವೂ ಕಾಣಲಿಲ್ಲ. ಎರಡನೇ ಸಂಜೆ ಹೀಟರು "ಟಕ್" ಅಂದು ಪ್ರಾಣ ಬಿಟ್ಟಿತು. ಅಹಲ್ಯಮ್ಮ ಎರಡು ಸ್ವೆಟರು, ಶಾಲು, ಮಂಕಿ ಕ್ಯಾಪು, ಗಂಡನ ಕಾಲುಚೀಲ ಎಲ್ಲ ಏರಿಸಿ ಕೂತರೆ ಕಣ್ಣು ಮಾತ್ರ ಹೊರಗೆ. ಆ ಎರಡು ಕಣ್ಣೇ ಸಾಕಿತ್ತು, ಶ್ರೀಕಂಠಯ್ಯನವರಿಗೆ ನಡುಕ ಹುಟ್ಟಿಸಲು.

"ಹೀಟರ್‌ನಲ್ಲಿ ಒಂದು ಬೋಲ್ಟ್ ಸಡಿಲ ಆಗಿರಬೇಕು ಅಲ್ವಾ?" ಎಂದು ಕಣ್ಣುಗಳು ಕೇಳಿದವು.

ರಾಜ್ಯದ ಗಡಿ ದಾಟಿದ ಮೇಲೆ ತಪಾಸಣೆ. ಹಣ್ಣು, ತರಕಾರಿ, ಗಿಡ ಒಳಗೆ ಬಿಡುವುದಿಲ್ಲ. ಪಿಯಾರಾ ವಾಟರ್ಸಿನಿಂದ ತೊಡೆಯ ಮೇಲೆ ಕೂರಿಸಿಕೊಂಡು ತಂದ ಕರಿಬೇವಿನ ಕುಂಡ ಅಲ್ಲೇ ಹೋಯಿತು. ಆ ಕರಿಬೇವಿಗೆ ಏಳು ವರ್ಷ. "ಹೊರಟ ಗಳಿಗೆ ಸರಿ ಇಲ್ಲ" ಅಂದರು ಅಹಲ್ಯಮ್ಮ, ಅಷ್ಟೆ.

ಹಾಗೆ ಹೆಪ್ಪುಗಟ್ಟಿ ಬಂದವರಿಗೆ ಮಾಸನ್ ಲೇಕ್ಸಿನ ಬೆವರ್ಲಿಯ ಮನೆ ಅಂದರೆ ಸಾಕ್ಷಾತ್ ವೈಕುಂಠ! ಎಲ್ಲ ಕೋಣೆಗೂ ನೆಲದಿಂದ ಬಿಸಿ ಗಾಳಿ. ಅಡಿಗೆಮನೆಯಲ್ಲಿ ಐದು ಒಲೆಯ ಗ್ಯಾಸು. "ಐದು ಒಲೆ ರೀ!" ಎಂದು ಅಹಲ್ಯಮ್ಮ ಮಂಕಿ ಕ್ಯಾಪ್ ತೆಗೆದರು. ಗಂಡನಿಗೆ ನಾಲ್ಕು ದಿನದ ಮೇಲೆ ಹೆಂಡತಿಯ ಕಿವಿ ಕಂಡಿತು.

ಬೆವರ್ಲಿಗೆ ಎಪ್ಪತ್ತು ದಾಟಿತ್ತು, ಒಂಟಿ ಹೆಂಗಸು. ನಾರ್ವೆ ಕಡೆ ಹಡಗಿನ ಪ್ರವಾಸ ಹೊರಟಿದ್ದರು. ಏಳು ಪುಟದ ಸೂಚನೆ ಬರೆದಿಟ್ಟಿದ್ದರು. ಅದರಲ್ಲಿ ಆರೂವರೆ ಪುಟ ಒಬ್ಬರದೇ ವಿಷಯ: ಕರ್ನಲ್. ಬೂದು ಬಣ್ಣದ ಬೆಕ್ಕು, ಹತ್ತೊಂಬತ್ತು ವರ್ಷ, ಒಂದು ಕಿವಿ ಹರಿದಿತ್ತು, ಮೀಸೆ ಮಾತ್ರ ನಿಜಕ್ಕೂ ಮಿಲಿಟರಿಯದು. ಅಷ್ಟು ವಯಸ್ಸಾದವರನ್ನು ಏಕವಚನದಲ್ಲಿ ಕರೆಯಲು ಅಹಲ್ಯಮ್ಮನ ನಾಲಿಗೆ ಏಳಲಿಲ್ಲ. "ಕರ್ನಲ್ ಸಾಹೇಬ್ರೇ, ಏಳಿ, ಹಾಲು ಕುಡೀರಿ." ಸಾಹೇಬರು ಎದ್ದು ಕುಡಿಯುತ್ತಿದ್ದರು.

ಮೂರು ದಿನ ಐದೂ ಒಲೆ ಉರಿದವು. ನಾಲ್ಕನೇ ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತ ಅಹಲ್ಯಮ್ಮ ಕರೆದರು. ಸಾಹೇಬರು ಏಳಲಿಲ್ಲ. ಬಿಸಿ ಗಾಳಿ ಬರುವ ಜಾಲರಿಯ ಮೇಲೆ, ಕಾಲು ಚಾಚಿ, ನಿವೃತ್ತ ಅಧಿಕಾರಿಗೆ ತಕ್ಕ ಗಾಂಭೀರ್ಯದಲ್ಲಿ ಹೊರಟು ಹೋಗಿದ್ದರು.

ಶ್ರೀಕಂಠಯ್ಯನವರು ಮಂಡಿಯೂರಿ ನಾಡಿ ಹುಡುಕಿದರು. ಬೆಕ್ಕಿನ ನಾಡಿ ಎಲ್ಲಿರುತ್ತದೆ ಎಂದು ಎಂಜಿನಿಯರಿಂಗಿನಲ್ಲಿ ಹೇಳಿಕೊಟ್ಟಿರಲಿಲ್ಲ. ಅವರ ಕಣ್ಣ ಮುಂದೆ ಐದು ಸ್ಟಾರುಗಳು ಒಂದೊಂದಾಗಿ ಉದುರಿದವು. ಅವುಗಳ ಹಿಂದೆ ಪುಷ್ಪಕ, ಕುತ್ತಿಗೆಗೆ "ಮಾರಾಟಕ್ಕಿದೆ" ಬೋರ್ಡು ಕಟ್ಟಿಕೊಂಡು ಹೋಗುತ್ತಿತ್ತು.

ಹಿಂದಿನಿಂದ "ಚಟ್" ಅಂತ ಸದ್ದಾಯಿತು. ಅಹಲ್ಯಮ್ಮ ಒಲೆ ಆರಿಸಿದ್ದರು. ರವೆ ಅರ್ಧ ಹುರಿದು ಬಾಣಲೆಯಲ್ಲಿತ್ತು.

ಪಶುವೈದ್ಯರು ಬಂದು ನೋಡಿ "ವಯಸ್ಸು" ಅಂದರು. ಹಡಗಿನ ಫೋನಿನಲ್ಲಿ ಬೆವರ್ಲಿ ಅತ್ತರು. ಆಮೇಲೆ ಬೇಡಿಕೊಂಡರು: ಸುಡಬೇಡಿ, ಹೂಳಬೇಡಿ, ನಾನೊಂದು ಸಲ ನೋಡಬೇಕು. ಹಡಗು ದಡ ಸೇರುವುದು ಎಂಟು ದಿನಕ್ಕೆ, ಅಲ್ಲಿಂದ ಮೂರು ವಿಮಾನ. ಹನ್ನೊಂದನೇ ದಿನ ಬರುತ್ತೇನೆ. ಅಲ್ಲಿಯವರೆಗೆ ಗ್ಯಾರೇಜಿನ ಫ್ರೀಜರಿನಲ್ಲಿ ಇಟ್ಟಿರಿ. ವೈದ್ಯರೂ ಹೌದು, ಎಲ್ಲರೂ ಹಾಗೇ ಮಾಡುತ್ತಾರೆ ಅಂದರು.

ಶ್ರೀಕಂಠಯ್ಯನವರಿಗೆ ಹೋದ ಜೀವ ಬಂತು. ಅಹಲ್ಯಮ್ಮ ತಮ್ಮ ಪೆಟ್ಟಿಗೆಯಿಂದ ಗಂಡನ ಹೊಸ ಪಂಚೆ ತೆಗೆದು ಸಾಹೇಬರಿಗೆ ಸುತ್ತಿ, ಕುಂಕುಮ ಇಟ್ಟು, ಬಟಾಣಿ ಪ್ಯಾಕೆಟ್ಟುಗಳನ್ನು ಸರಿಸಿ ಮಲಗಿಸಿದರು. ಫ್ರೀಜರಿನ ತಲೆಯ ಕಡೆ ಒಂದು ಎಣ್ಣೆ ದೀಪ ಹಚ್ಚಿದರು.

"ಸರಿ, ಈಗ ಆ ಉಪ್ಪಿಟ್ಟು..." ಅಂದರು ಶ್ರೀಕಂಠಯ್ಯನವರು.

"ಯಾವ ಉಪ್ಪಿಟ್ಟು? ಮನೆಯಲ್ಲಿ ಹೆಣ ಇಟ್ಟುಕೊಂಡು ಒಲೆ ಹಚ್ಚುತ್ತಾರೇನ್ರೀ?"

"ಹೆಣ ಮನೆಯಲ್ಲೆಲ್ಲಿದೆ? ಗ್ಯಾರೇಜಿನಲ್ಲಿದೆ!"

"ಸೂರು ಒಂದೇ ತಾನೆ?"

"ನಡುವೆ ಫೈರ್ ಡೋರ್ ಇದೆ ಕಣೇ!"

"ಸಾವಿಗೆ ಫೈರ್ ಡೋರ್ ಇದೆಯಾ?"

ಎಂಜಿನಿಯರು ಸೋತರು. ಆದರೂ ಇನ್ನೊಂದು ದಾರಿ ಹುಡುಕಿದರು. "ಮೈಕ್ರೋವೇವ್! ಅದರಲ್ಲಿ ಉರಿಯೇ ಇಲ್ಲ."

"ಅಕ್ಕಿ ಬೇಯುತ್ತಾ?"

"ಬೇಯುತ್ತೆ."

"ಹಾಗಾದರೆ ಒಲೆಯೇ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಹಲ್ಯಮ್ಮನ ದೃಷ್ಟಿ ನೆಲದ ಜಾಲರಿಯ ಕಡೆ ಹೋಯಿತು. "ಈ ಬಿಸಿ ಗಾಳಿ ಎಲ್ಲಿಂದ ಬರುತ್ತೆ?" ಯಾರಾದರೂ ತಾಂತ್ರಿಕ ಪ್ರಶ್ನೆ ಕೇಳಿದರೆ ಶ್ರೀಕಂಠಯ್ಯನವರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. "ಗ್ಯಾಸ್ ಕಣೇ! ಛಾವಣಿಯಲ್ಲಿ ಬರ್ನರ್ ಇರುತ್ತೆ, ನೀಲಿ ಜ್ವಾಲೆ, ತುಂಬಾ ಚೆನ್ನಾಗಿ ಡಿಸೈನ್..." ಎಂದು ಶುರು ಮಾಡಿ, ಹೆಂಡತಿಯ ಮುಖ ನೋಡಿ ನಿಂತರು.

ಬಿಸಿ ಗಾಳಿಯೂ ಆರಿತು. ವೈಕುಂಠ ಹತ್ತು ನಿಮಿಷದಲ್ಲಿ ಕೈಲಾಸವಾಯಿತು!

ಸಂಜೆ ಮೂರನೇ ಪ್ರಶ್ನೆ ಬಂತು: "ಸ್ನಾನದ ಬಿಸಿನೀರು?" ಅಷ್ಟು ಹೊತ್ತಿಗೆ ಶ್ರೀಕಂಠಯ್ಯನವರು ಬುದ್ಧಿ ಕಲಿತಿದ್ದರು. ಕಣ್ಣು ಮಿಟುಕಿಸದೆ ಹೇಳಿದರು: "ಸೋಲಾರ್."

ಅಹಲ್ಯಮ್ಮ ಅವರನ್ನು ಒಂದು ಗಳಿಗೆ ನೋಡಿ, ಸರಿ ಅಂತ ತಲೆ ಆಡಿಸಿದರು.

ಇನ್ನು ಊಟ? ಅಂಗಳದಲ್ಲಿ ಪುಷ್ಪಕ ನಿಂತಿತ್ತಲ್ಲ, ಅದರಲ್ಲಿ ಎರಡು ಬರ್ನರಿನ ಪುಟಾಣಿ ಒಲೆ ಇತ್ತು, ಅದರ ಸೂರು ಬೇರೆ. ಐದು ಒಲೆಯ ಮನೆಯ ಕೀಲಿ ಸೊಂಟದಲ್ಲಿ ಸಿಕ್ಕಿಸಿಕೊಂಡು ಇಬ್ಬರೂ ತಗಡಿನ ಡಬ್ಬಕ್ಕೆ ವಾಪಸಾದರು. ಅಡಿಗೆ ಅಲ್ಲಿ, ಊಟ ಅಲ್ಲಿ, ನಿದ್ದೆಯೂ ಅಲ್ಲೇ. ಬೆಳಿಗ್ಗೆ ಗಾಜಿನ ಮೇಲೆ ಹಿಮ ಕೆರೆದರೆ ಐಸ್‌ಕ್ರೀಮಿನಷ್ಟು ಬರುತ್ತಿತ್ತು. ಕೊಬ್ಬರಿ ಎಣ್ಣೆ ಕಲ್ಲಾಯಿತು. ಶ್ರೀಕಂಠಯ್ಯನವರ ಮೂಗು ಎಲ್ಲಿದೆ ಅಂತ ಅವರೇ ಮುಟ್ಟಿ ನೋಡಿಕೊಳ್ಳುವ ಹಾಗಾಯಿತು.

ಎದುರುಮನೆಯಲ್ಲಿ ಒಬ್ಬ ದಪ್ಪ ಮೀಸೆಯ ಮುದುಕ. ಅವನು ಪರದೆ ಸರಿಸಿ ನೋಡುತ್ತಿದ್ದ. ಕೀಲಿ ಇರುವ ದಂಪತಿಗಳು ಮನೆ ಬಿಟ್ಟು ಅಂಗಳದಲ್ಲಿ ಬದುಕುತ್ತಿದ್ದಾರೆ, ದಿನಕ್ಕೆ ಮೂರು ಸಲ ಮೆಣಸಿನಕಾಯಿ ಒಗ್ಗರಣೆಯ ಹೊಗೆ ಬಂದು ತನ್ನ ಗಂಟಲು ಹಿಡಿಯುತ್ತಿದೆ. ಐದನೇ ದಿನ ಅವನು ಕೌನ್ಸಿಲ್‌ಗೆ, ಅಂದರೆ ಅಲ್ಲಿಯ ನಗರಸಭೆಗೆ, ಫೋನ್ ಮಾಡಿದ.

ಕೌನ್ಸಿಲ್‌ನಿಂದ ಹಳದಿ ಜಾಕೆಟ್ಟಿನವನೊಬ್ಬ ಬಂದ. ಒಳ್ಳೆಯವನೇ. ಮನೆ ಇದ್ದೂ ಕಾರವಾನಿನಲ್ಲಿ ಯಾಕೆ ವಾಸ ಅಂತ ಕೇಳಿದ. ಶ್ರೀಕಂಠಯ್ಯನವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಹಲ್ಯಮ್ಮ ತಮ್ಮ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು: ಮನೆಯಲ್ಲಿ ಸಾವಾಗಿದೆ.

ಅವನು ಟೋಪಿ ತೆಗೆದ. "ಯಾರು?"

"ಕರ್ನಲ್."

"ಅಯ್ಯೋ. ಯಾವಾಗ ಅಂತ್ಯಸಂಸ್ಕಾರ?"

"ಬೆವರ್ಲಿ ಬಂದ ಮೇಲೆ. ಅಲ್ಲೀತನಕ ಫ್ರೀಜರಿನಲ್ಲಿ."

ಹಳದಿ ಜಾಕೆಟ್ಟಿನವನು ಹಿಂದೆ ಹಿಂದೆಯೇ ನಡೆದು ಗಾಡಿ ಸೇರಿದ. ಇಪ್ಪತ್ತು ನಿಮಿಷದಲ್ಲಿ ಪೊಲೀಸರು!

ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಗ್ಯಾರೇಜು ತೆರೆಸಿದರು. ದೀಪ ಉರಿಯುತ್ತಿತ್ತು. ಫ್ರೀಜರಿನ ಮುಚ್ಚಳ ಎತ್ತಿದರು. ಬಿಳಿ ಪಂಚೆ, ಕುಂಕುಮ, ಪಕ್ಕದಲ್ಲಿ ಬಟಾಣಿ. ಪಂಚೆಯ ತುದಿ ಸರಿಸಿದರೆ ಮೀಸೆ. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ಹೇಳುವುದು ಕಷ್ಟವಾಗಿತ್ತು. "ನಿಮ್ಮ ದುಃಖದಲ್ಲಿ ನಾವೂ ಭಾಗಿ" ಅಂದಳು. ಅಹಲ್ಯಮ್ಮ ಇಬ್ಬರಿಗೂ ಕಾರವಾನಿನಿಂದ ಕಾಫಿ ತಂದುಕೊಟ್ಟರು. ಹಳದಿ ಜಾಕೆಟ್ಟಿನವನಿಗೂ ಕೊಟ್ಟರು. ಅವನು, ಒಂದು ವಾರ ನಾನು ಈ ರಸ್ತೆಗೆ ಬರುವುದಿಲ್ಲ, ಬಂದಾಗ ನೀವಿಲ್ಲಿರಬಾರದು, ಅಂತ ಹೇಳಿ ಹೋದ.

ಅಷ್ಟಕ್ಕೇ ಮುಗಿಯಲಿಲ್ಲ. ಎದುರುಮನೆಯ ಮೀಸೆ ಪೊಲೀಸ್ ಗಾಡಿಯ ಫೋಟೋ ತೆಗೆದು ಬೆವರ್ಲಿಗೆ ಕಳಿಸಿಬಿಟ್ಟಿದ್ದ. ಮಾರನೆಯ ಬೆಳಿಗ್ಗೆ ಬೆವರ್ಲಿಯಿಂದ ಒಂದು ಸಾಲು: "ಬಂದು ಮಾತಾಡುತ್ತೇನೆ." ಅದೇ ಗಳಿಗೆಗೆ ಸನ್ನಿಬ್ಯಾಂಕಿನ ಮೈಥಿಲಿ, ಅವರು ಮುಂದೆ ಕಾಯಬೇಕಿದ್ದ ಮನೆಯವಳು, ಫೋನ್ ಮಾಡಿದಳು: "ಅಂಕಲ್, ಅಡಿಲೇಡ್ ರಿವ್ಯೂ ಒಂದು ನೋಡ್ಕೊಂಡು ಕೀಲಿ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಶ್ರೀಕಂಠಯ್ಯನವರು ಫೋನ್ ಇಟ್ಟು, ಕಾರವಾನಿನ ಇಕ್ಕಟ್ಟಿನಲ್ಲಿ ತಲೆಗೆ ಕಪಾಟು ಬಡಿಯುವಂತೆ ಎದ್ದು ನಿಂತರು.

"ಸಾಕು! ಈಗಲೇ ಒಳಗೆ ಹೋಗಿ ಒಲೆ ಹಚ್ಚು, ಹೀಟರ್ ಹಾಕು. ಅವರು ಬರೋ ಹೊತ್ತಿಗೆ ಮನೆ ಮನೆ ಥರ ಇರಬೇಕು. ಒಂದು ಬೆಕ್ಕು ಕಣೇ! ಒಂದು ಬೆಕ್ಕಿಗೋಸ್ಕರ ಎಲ್ಲ ಹಾಳು ಮಾಡ್ತಿದೀಯ!"

ಅಹಲ್ಯಮ್ಮ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಈ ಡಬ್ಬ ನೋಡೋಕೆ ಹೋದ ದಿನ ನೆನಪಿದೆಯಾ?"

ನೆನಪಿತ್ತು. ನಾರ್ಸ್‌ಮನ್ ಊರಿನ ಆಚೆ ಒಬ್ಬ ರೈತನ ಹತ್ತಿರ ಕಾರವಾನ್ ಇದೆ, ಒಂದೇ ದಿನದ ಕೆಲಸ ಅಂತ ಅವರೇ ಬಲವಂತ ಮಾಡಿ ಕರೆದುಕೊಂಡು ಹೋಗಿದ್ದು. "ಅಮ್ಮನಿಗೆ ಹುಷಾರಿಲ್ಲ ಅಂತ ಅಣ್ಣ ಫೋನ್ ಮಾಡಿದ್ದಾನೆ, ಸಿಗ್ನಲ್ ಇರೋ ಕಡೆ ಇರೋಣ" ಅಂತ ಅಹಲ್ಯಮ್ಮ ಅಂದದ್ದು, "ಒಂದು ದಿನದಲ್ಲಿ ಏನಾಗುತ್ತೆ?" ಅಂತ ತಾವು ಅಂದದ್ದು, ಎರಡೂ ನೆನಪಿತ್ತು. ಒಂದೂವರೆ ದಿನ ಫೋನು ಸತ್ತಿತ್ತು. ಅದಕ್ಕೆ ಜೀವ ಬಂದಾಗ ಮೈಸೂರಿನಿಂದ ಇಪ್ಪತ್ತೊಂದು ಕರೆ ಬಂದಿದ್ದವು. ಅಹಲ್ಯಮ್ಮ ಒಬ್ಬರೇ ವಿಮಾನ ಹತ್ತಿದರು. ಇವರಿಗೆ ರಜೆ ಸಿಗಲಿಲ್ಲ. ಅವರಿಗೆ ಗೊತ್ತಿದ್ದ ಅರ್ಧ ಇಷ್ಟು.

"ಮಗಳು ಬರದೆ ಎತ್ತಲ್ಲ ಅಂದ ನಮ್ಮಣ್ಣ. ಅಮ್ಮನ್ನ ಐಸ್ ಪೆಟ್ಟಿಗೆಯಲ್ಲಿ ಹಜಾರದಲ್ಲಿ ಇಟ್ಟಿದ್ರು. ಮೂರು ದಿನ. ಒಂಬತ್ತು ಜನ ಇರೋ ಮನೆ. ಮೂರು ದಿನ ಒಲೆ ಹಚ್ಚಿರಲಿಲ್ಲ. ದೊಡ್ಡವರು ನೀರು ಕುಡ್ಕೊಂಡು ಇದ್ರು. ಮಕ್ಕಳಿಗೆ ಪಕ್ಕದ ಮನೆಯವರು ಬಾಳೆಹಣ್ಣು, ಬನ್ನು ಕೊಟ್ಟಿದ್ರು. ನಾನು ಬಾಗಿಲಲ್ಲಿ ನಿಂತಾಗ ಅತ್ತಿಗೆ ಏನಂದ್ರು ಗೊತ್ತಾ?"

ಶ್ರೀಕಂಠಯ್ಯನವರಿಗೆ ಗೊತ್ತಿರಲಿಲ್ಲ.

"'ಬಂದ್ಯಾ ಅಹಲ್ಯಾ? ಬಾ. ಇವತ್ತು ಮಕ್ಕಳು ಊಟ ಮಾಡ್ತಾವೆ.' ಅಷ್ಟೇ ಅಂದದ್ದು. ಬೈದಿದ್ರೆ ಚೆನ್ನಾಗಿತ್ತು. ಯಾಕೆ ತಡ ಅಂತ ಅಣ್ಣ ಏರ್‌ಪೋರ್ಟಲ್ಲೇ ಕೇಳಿದ್ದ. ಫ್ಲೈಟ್ ರದ್ದಾಯ್ತು ಅಂದಿದ್ದೆ. ಗಂಡ ಗಾಡಿ ನೋಡೋಕೆ ಕರ್ಕೊಂಡು ಹೋಗಿದ್ದ ಅಂತ ಹೇಳೋಕೆ ಬಾಯಿ ಬರಲಿಲ್ಲ."

ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು. ಅದನ್ನು ತೆಗೆದು ಕಿಟಕಿಯ ಅಂಚಿಗೆ ಇಟ್ಟರು.

"ಆ ಬೆವರ್ಲಿ ಈಗ ಯಾವುದೋ ಸಮುದ್ರದಲ್ಲಿ ಕೂತು ದಿನ ಎಣಿಸ್ತಿದಾಳೆ. ಅವಳಿಗೋಸ್ಕರ ಇಲ್ಲಿ ಯಾರೂ ಕಾಯದೇ ಇದ್ರೆ ಹೇಗೆ? ನೀವು ಬೇಕಾದ್ರೆ ಹೋಗಿ ಹೀಟರ್ ಹಾಕ್ಕೊಳ್ಳಿ."

ಶ್ರೀಕಂಠಯ್ಯನವರು ಹೋಗಲಿಲ್ಲ. ನಾಲ್ಕು ವರ್ಷ ಆ ಮಾತನ್ನು ಗಂಟು ಕಟ್ಟಿಟ್ಟುಕೊಂಡು ತಮಗೆ ದಿನಕ್ಕೆ ಮೂರು ಹೊತ್ತು ಬಡಿಸಿದ ಕೈಯನ್ನು ನೋಡುತ್ತ ನಿಂತರು. ಬಿಟ್ಟ ಬಾಯಿಗೆ ಒಂದೂ ಪ್ಲಾನು ಬರಲಿಲ್ಲ. ಅವತ್ತು ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದರು. ಒಂದು ಸ್ಟೂಲ್ ಎಳೆದುಕೊಂಡು ಫ್ರೀಜರಿನ ಪಕ್ಕ ಕೂತರು. ಮಾರನೇ ದಿನವೂ ಕೂತರು. ಆಮೇಲೆ ದಿನವೂ.

ಹನ್ನೊಂದನೇ ದಿನ ಟ್ಯಾಕ್ಸಿ ಬಂತು. ಬೆವರ್ಲಿ ಇಳಿದವರು ಪೆಟ್ಟಿಗೆಯನ್ನೂ ತೆಗೆಸದೆ ಗ್ಯಾರೇಜಿಗೆ ನಡೆದರು. ಬಹಳ ಹೊತ್ತು ಪಂಚೆಯ ಮೇಲೆ ಕೈಯಿಟ್ಟು ನಿಂತಿದ್ದರು. ಆಮೇಲೆ, ಮನೆ ಯಾಕೆ ಇಷ್ಟು ಥಂಡಿ ಅಂತ ಕೇಳಿದರು.

"ನೀನು ಬರೋ ತನಕ ಬೆಂಕಿ ಇಲ್ಲ" ಎಂದರು ಅಹಲ್ಯಮ್ಮ, ತಮ್ಮ ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಹಾಗೆ."

ಬೆವರ್ಲಿ ಅವರನ್ನು ನೋಡಿದರು, ಅಂಗಳದ ಕಾರವಾನ್ ನೋಡಿದರು, ಮಂಕಿ ಕ್ಯಾಪಿನ ಶ್ರೀಕಂಠಯ್ಯನವರನ್ನು ನೋಡಿದರು.

ಹಿತ್ತಲ ನಿಂಬೆ ಗಿಡದ ಕೆಳಗೆ ಗುಂಡಿ ತೋಡಿದ್ದು ಶ್ರೀಕಂಠಯ್ಯನವರೇ. ಸೇತುವೆಗೆ ಅಡಿಪಾಯ ಹಾಕಿಸಿದವರಿಗೆ ಒಂದು ಬೆಕ್ಕಿನ ಗುಂಡಿ ತೋಡುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆ! ಎದುರುಮನೆಯ ಮೀಸೆಯೂ ಬಂದು ಬೇಲಿಯ ಹತ್ತಿರ ಟೋಪಿ ತೆಗೆದು ನಿಂತ. ಕರ್ನಲ್ ಸಾಹೇಬರು ಮೈಸೂರು ಪಂಚೆಯಲ್ಲೇ ಮಣ್ಣಿಗೆ ಹೋದರು. ಕೈಕಾಲು ತೊಳೆದು ಒಳಗೆ ಬಂದ ಮೇಲೆ ಅಹಲ್ಯಮ್ಮ ಬೆವರ್ಲಿಯ ಭುಜ ಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು. "ಈಗ ನೀನೇ ಹಚ್ಚು."

ಬೆವರ್ಲಿ ಒಲೆ ಹಚ್ಚಿದರು. ಹಾಲಿಟ್ಟರು. ಯಾರೂ ನೋಡಿಕೊಳ್ಳದೆ ಅದು ಉಕ್ಕಿ ಚೆಲ್ಲಿತು.

ಮಾರನೇ ದಿನ ಬೆವರ್ಲಿ ಪಶುವೈದ್ಯರಿಗೆ ಔಷಧಿ ವಾಪಸ್ ಕೊಡಲು ಹೋಗಿದ್ದರು. ಪುಷ್ಪಕ ಹೊರಟು ನಿಂತಿತ್ತು. ಶ್ರೀಕಂಠಯ್ಯನವರು ಮನೆಯೊಳಗೆ ಕೊನೆಯ ಸಲ ಕಿಟಕಿ, ನಲ್ಲಿ ನೋಡುತ್ತಿದ್ದಾಗ ಫೋನು ಟಿಂಗ್ ಎಂದಿತು. ಕಣ್ಣು ಮುಚ್ಚಿಕೊಂಡು ತೆರೆದರು. ಐದು ಸ್ಟಾರ್! ಕೆಳಗೆ ಒಂದೇ ಸಾಲು: "ಇವರು ಅವನನ್ನು ಒಂಟಿ ಮಾಡಲಿಲ್ಲ."

ಹಿಂದೆಯೇ ಮೈಥಿಲಿಯ ಫೋನು. "ಅಂಕಲ್, ಸೂಪರ್ ರಿವ್ಯೂ! ಬಂದ್ಬಿಡಿ. ನಮ್ಮನೇಲಿ ಎರಡು ಆಮೆ, ಆಮೇಲೆ ರೋಸಿ ಇದೆ, ನಾಯಿ, ಹದಿನೇಳು ವರ್ಷ."

"ಹದಿನೇಳಾ?" ಶ್ರೀಕಂಠಯ್ಯನವರು ಗೋಡೆ ಹಿಡಿದುಕೊಂಡರು. "ಅಮ್ಮಾ ಮೈಥಿಲಿ, ನಿಮ್ಮ ಒಲೆ... ಮನೆಯ ಹೊರಗೇನಾದರೂ ಒಂದು ಇದೆಯಾ?"

"ಹಿತ್ತಲಲ್ಲಿ ಬಾರ್ಬಿ ಇದೆ ಅಂಕಲ್, ಬಾರ್ಬೆಕ್ಯೂ ಒಲೆ. ಯಾಕೆ?"

"ಬೇರೆ ಸೂರಾ?"

"ಸೂರೇ ಇಲ್ಲ ಅಂಕಲ್."

"ಹಾಗಾದರೆ ಬರ್ತೀವಿ."

ಹೊರಗೆ ಓಡಿ, ಕಾರಿನಲ್ಲಿ ಕೂತಿದ್ದ ಹೆಂಡತಿಗೆ ಸ್ಟಾರ್ ತೋರಿಸಿದರು. ಅಹಲ್ಯಮ್ಮ ಕನ್ನಡಕ ಏರಿಸಿ ನೋಡಿದರು. "ಸರಿ, ಗೆದ್ದಿರಿ."

"ಇಲ್ಲ ಕಣೇ. ಮಾರಿಬಿಡ್ತೀನಿ. ನನಗೆ ಈ ಗಾಡಿ ಬೇಡ."

"ಯಾಕೆ ಮಾರ್ತೀರಿ? ಹನ್ನೊಂದು ದಿನ ಅನ್ನ ಹಾಕಿದ್ದು ಅದೇ. ಅದೇನು ಮಾಡಿತ್ತು ಪಾಪ? ಮಾಡಿದ್ದು ನೀವು." ಅಹಲ್ಯಮ್ಮ ಶಾಲು ಸರಿಮಾಡಿಕೊಂಡರು. "ಮೈಸೂರಿಗೆ ಫೋನ್ ಮಾಡಿ ಅತ್ತಿಗೆಗೆ ಹೇಳಿ. ಫ್ಲೈಟ್ ರದ್ದಾಗಿರಲಿಲ್ಲ ಅಂತ. ಆಮೇಲೆ ಹೊರಡೋಣ. ಒಳಗೆ ಹೋಗಿ ಮಾಡಿ, ವೈಫೈ ಇದೆ."

ಶ್ರೀಕಂಠಯ್ಯನವರು ಮತ್ತೆ ಮನೆಯೊಳಗೆ ಹೋದರು. ಮೈಸೂರಿನಲ್ಲಿ ಜಯಲಕ್ಷ್ಮಿಯವರು, ಅಹಲ್ಯಮ್ಮನ ಅತ್ತಿಗೆ, ಎರಡನೇ ರಿಂಗಿಗೇ ಎತ್ತಿದರು. ಶ್ರೀಕಂಠಯ್ಯನವರು ಅಡಿಗೆಮನೆಯ ಐದು ಒಲೆಗಳ ಮುಂದೆ ನಿಂತು, ತೊದಲುತ್ತ, ಎಲ್ಲ ಹೇಳಿದರು. ನಾರ್ಸ್‌ಮನ್, ಸಿಗ್ನಲ್, ಒಂದೂವರೆ ದಿನ. ಆ ಕಡೆ ಸದ್ದಿಲ್ಲ. ಲೈನ್ ಕಡಿದುಹೋಯಿತೇನೋ ಎಂದು ಅವರಿಗೆ ಆಸೆಯೂ ಆಯಿತು.

"ಗೊತ್ತಿತ್ತು" ಅಂದರು ಜಯಲಕ್ಷ್ಮಿಯವರು. "ಇವರು ಅವಳನ್ನ ಕರ್ಕೊಂಡು ಬರೋಕೆ ಬೆಂಗಳೂರಿಗೆ ಕಾರು ತಗೊಂಡು ಹೋಗಿದ್ರಲ್ಲ, ಏರ್‌ಪೋರ್ಟಲ್ಲೇ ವಿಚಾರಿಸಿದ್ರು. ಯಾವ ಫ್ಲೈಟೂ ರದ್ದಾಗಿರಲಿಲ್ಲ."

"ಮತ್ತೆ... ಕೇಳಲಿಲ್ಲ ಯಾಕಕ್ಕಾ?"

"ಹೆಣ ಇರೋ ಮನೇಲಿ ಏನು ಕೇಳೋದು. ಆಮೇಲೆ ಕೇಳೋಣ ಅಂದ್ರೆ ಅವಳ ಮುಖ ನೋಡಿ ಆಗಲಿಲ್ಲ." ಒಂದು ನಿಟ್ಟುಸಿರು ಮೈಸೂರಿನಿಂದ ಅಡಿಲೇಡಿಗೆ ಬಂತು. "ಹೋಗಲಿ ಬಿಡಿ. ಅಲ್ಲಿ ಈಗ ಮಧ್ಯಾಹ್ನ ಅಲ್ವಾ ಶ್ರೀಕಂಠಣ್ಣ? ಊಟ ಆಯ್ತಾ?"

ಅರವತ್ತು ವರ್ಷದಲ್ಲಿ ಶ್ರೀಕಂಠಯ್ಯನವರು ಆ ಪ್ರಶ್ನೆ ಅದೆಷ್ಟು ಸಾವಿರ ಸಲ ಕೇಳಿಸಿಕೊಂಡಿದ್ದರೋ. ಆವತ್ತು ಮಾತ್ರ ಅದು ಎದೆಗೆ ಬಂದು ನಿಂತಿತು. ಮೂರು ದಿನ ಉಪವಾಸ ಇದ್ದ ಮನೆಯ ಹೆಂಗಸು ಕೇಳುತ್ತಿದ್ದಾರೆ. "ಆಯ್ತಕ್ಕಾ, ಆಯ್ತು" ಎಂದು ಹೇಗೋ ಹೇಳಿ ಫೋನಿಟ್ಟು ಹೊರಗೆ ಬಂದರು.

"ಏನಂದ್ರು?"

"ಗೊತ್ತಿತ್ತಂತೆ. ಊಟ ಆಯ್ತಾ ಅಂದ್ರು."

"ನೀವೇನಂದ್ರಿ?"

"ಆಯ್ತು ಅಂದೆ."

ಅಹಲ್ಯಮ್ಮ ಮಂಕಿ ಕ್ಯಾಪು ಮೇಲೆ ಸರಿಸಿದರು. "ಎಲ್ಲಿ ಆಯ್ತು? ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ರೆ ಏನಿದೆ ನಿಮ್ಮ ಹೊಟ್ಟೇಲಿ? ಒಂದು ಸುಳ್ಳು ಒಪ್ಪಿಕೊಳ್ಳೋಕೆ ಹೋಗಿ ಅದೇ ಬಾಯಲ್ಲಿ ಇನ್ನೊಂದು ಹೇಳಿ ಬಂದ್ರಾ? ಅದೂ ಅತ್ತಿಗೆ ಹತ್ರ, ಊಟದ ವಿಷಯದಲ್ಲಿ! ಹೋಗಿ. ಮತ್ತೆ ಫೋನ್ ಮಾಡಿ ಹೇಳಿ."

"ಅಹಲ್ಯಾ, ಇದೊಂದು..."

"ಹೋಗಿ ಅಂದೆ."

ಅವರು ತಿರುಗಿದರು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು:

"ಹಾಗೇ ಬರೋವಾಗ ಆ ಸೋಲಾರ್ ಬಿಸಿನೀರಲ್ಲಿ ಕೈ ತೊಳ್ಕೊಂಡು ಬನ್ನಿ."

ಶ್ರೀಕಂಠಯ್ಯನವರು ನಿಂತರು. ಹೊರಗಿನ ಗೋಡೆಯ ಮೇಲೆ, ಕಾರಿನಲ್ಲಿ ಕೂತವರಿಗೂ ಕಾಣುವ ಹಾಗೆ, ಗ್ಯಾಸ್ ಗೀಸರಿನ ಬಿಳಿ ಡಬ್ಬ ಇತ್ತು. ಹನ್ನೊಂದು ದಿನವೂ ಅಲ್ಲೇ ಇತ್ತು. ಅದರ ಮೇಲೆ ಜ್ವಾಲೆಯ ಚಿತ್ರ ಬೇರೆ. ಅವರು ತಿರುಗಿ ಹೆಂಡತಿಯ ಕೈ ನೋಡಿದರು. ಬೆರಳ ಗಂಟುಗಳು ಒಡೆದು ಕೆಂಪಗಾಗಿದ್ದವು. ತಾವು ದಿನವೂ ಹಬೆಯಾಡುವ ನೀರಿನಲ್ಲಿ ಹಾಡು ಹೇಳಿಕೊಂಡು ಮಿಂದ ಹನ್ನೊಂದು ದಿನ, ಆಕೆ ತಣ್ಣೀರು ಸುರಿದುಕೊಂಡಿದ್ದರು.

ಒಳಗೆ ಹೋದರು. ಫೋನ್ ಮಾಡಿದರು. "ಅಕ್ಕಾ, ಊಟ ಆಗಿಲ್ಲ."

"ಗೊತ್ತಿತ್ತು" ಅಂದರು ಜಯಲಕ್ಷ್ಮಿಯವರು. "ಹೋಗಿ ಊಟ ಮಾಡಿ."

ನಲ್ಲಿಯ ಹತ್ತಿರ ಹೋದರು. ತಣ್ಣೀರಿನ ಕಡೆಗೆ ತಿರುಗಿಸಿ, ಬೊಬ್ಬೆ ಎದ್ದ ಅಂಗೈ ಎರಡನ್ನೂ ಅದರ ಕೆಳಗೆ ಹಿಡಿದರು. ಮೂಳೆಯವರೆಗೂ ಕೊರೆಯಿತು. ಹನ್ನೊಂದರವರೆಗೆ ಎಣಿಸಬೇಕು ಅಂತಿದ್ದರು. ನಾಲ್ಕಕ್ಕೇ ತೆಗೆದುಬಿಟ್ಟರು. ಆಮೇಲೆ ಬಾಗಿಲು ಎಳೆದುಕೊಂಡು, ಒದ್ದೆ ಕೈಯಲ್ಲೇ, ಬಾಯಿ ಬಿಡದೆ, ಕೊನೆಯ ಸಲ ಆ ಮನೆಯಿಂದ ಹೊರಗೆ ಬಂದರು.